ಯಾರ ಮಡಿಲಿಗೆ ಯಾವ ಸೀರೆ

ನಾನು ಸಂಶೋಧನೆ ಮಾಡುತ್ತಿದ್ದೇನೆ ಎಂಬ ಸುದ್ದಿ ಮೊಳಕಾಲ್ಮೂರಿನ ನಮ್ಮ ಬೀದಿಗೆ ಮುಟ್ಟಿದ ದಿನ, ಮೂರನೇ ಮನೆಯ ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೆನ್ನೆ ಸವರಿ, "ಏನ್ ಕಳ್ಕಂಡಿದ್ದೀಯವ್ವ, ಅಷ್ಟೊಂದು ಹುಡುಕ್ತಾ ಇದೀಯಂತೆ?" ಎಂದು ಕೇಳಿತು. ನಾನು ವಿಷಯ ವಿವರಿಸಿದೆ. ನೇಕಾರರ ಅನುಭವಕ್ಕೂ ಸೀರೆಯ ಗುಣಮಟ್ಟಕ್ಕೂ ಏನು ಸಂಬಂಧ ಅಂತ ನೋಡ್ತಿದ್ದೀನಿ ಅಜ್ಜಿ, ಎಂದೆ. ಅಜ್ಜಿ ನನ್ನ ಕೆನ್ನೆಯಿಂದ ಕೈ ತೆಗೆದು, "ಇದನ್ನ ತಿಳ್ಕಳಕೆ ಚಳ್ಳಕೆರೆಗೆ ಹೋಗಬೇಕಾಗಿತ್ತಾ?" ಎಂದಿತು.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿ. ವಾರವಿಡೀ ಅಲ್ಲೊಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮೊಳಕಾಲ್ಮೂರು. ಜೊತೆಗೆ ಎಂ.ಫಿಲ್. ಕಟ್ಟಿದ್ದೆ. ನನ್ನ ಮಾರ್ಗದರ್ಶಕರು ಬಹಳ ಒಳ್ಳೆಯವರು, ಆದರೆ ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಒಂದು ಸಹಸಂಬಂಧ ಹಾಕಿಬಿಡಮ್ಮ, ಚೆನ್ನಾಗಿರುತ್ತೆ" ಎಂದು ಹೇಳಿ, ಯಾವುದನ್ನು ಹಾಕಬೇಕು ಎಂದು ಕೇಳುವಷ್ಟರಲ್ಲಿ ಕಾಫಿಗೆ ಎದ್ದುಹೋದರು. ಸಹಸಂಬಂಧ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಒಂದು ಏರಿದರೆ ಇನ್ನೊಂದೂ ಏರುತ್ತದೆಯೇ, ಅಥವಾ ಇಳಿಯುತ್ತದೆಯೇ, ಇಲ್ಲ ಎರಡೂ ತಮ್ಮ ಪಾಡಿಗೆ ತಾವಿರುತ್ತವೆಯೇ ಎಂಬುದನ್ನು ಒಂದು ಸಂಖ್ಯೆಯಲ್ಲಿ ಹೇಳುವುದು. ತೊಡಕು ಇರುವುದು ಆ ಸಂಖ್ಯೆಯನ್ನು ತೆಗೆಯುವ ಸೂತ್ರಗಳು ಹಲವಾರಿವೆ ಎಂಬಲ್ಲಿ. ಪ್ರತಿಯೊಂದಕ್ಕೂ ಒಬ್ಬೊಬ್ಬ ಇಂಗ್ಲೀಷ್ ದೊರೆಯ ಹೆಸರು. ದೊರೆಗಳ ಹೆಸರು ನಮಗೆ ಯಾಕೆ, ಬಿಡಿ. ಪುಸ್ತಕದಲ್ಲಿ ಮೊದಲು ಬರುವವನನ್ನು ಮೊದಲನೇ ದೊರೆ, ಆಮೇಲೆ ಬರುವವನನ್ನು ಎರಡನೇ ದೊರೆ ಎಂದುಕೊಂಡರೆ ಸಾಕು.

ನನ್ನ ವಿಷಯವನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವನು ಅಪ್ಪ. ಅಪ್ಪ ನೇಕಾರ. ಚಿಕ್ಕ ವಯಸ್ಸಿನಲ್ಲಿ ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟವನು ಅರವತ್ತು ದಾಟಿದರೂ ತೆಗೆದಿರಲಿಲ್ಲ. ನಮ್ಮ ಬೀದಿಯ ನೇಕಾರರಿಗೆ ರೇಷ್ಮೆ ಹಂಚುತ್ತಿದ್ದದ್ದು ಒಂದು ಸಣ್ಣ ಸಂಘ. ಮದುವೆಯ ಕಾಲಕ್ಕೆ ಮುಂಚೆ ಸಂಘದಲ್ಲಿ ಧಾರೆ ಸೀರೆಯ ಹಾಸು, ಅಂದರೆ ಮದುಮಗಳು ಧಾರೆಗೆ ಉಡುವ ಸೀರೆಗೆ ಬೇಕಾದ ಅತ್ಯುತ್ತಮ ರೇಷ್ಮೆ, ವಯಸ್ಸಿನಲ್ಲಿ ಹಿರಿಯರಾದವರ ಮಗ್ಗಕ್ಕೇ ಹೋಗುವುದು ವಾಡಿಕೆ. ಧಾರೆ ಸೀರೆ ನೇಯುವವನು ಅಂದರೆ ಬೀದಿಯಲ್ಲಿ ಒಂದು ಗತ್ತು. ಆ ವರ್ಷ ಎಳೆಯ ನೇಕಾರರು, ನಮಗೂ ಕೊಡಿ ಎಂದು ತಕರಾರು ಎತ್ತಿದರು. ಸಂಘದ ಕಾರ್ಯದರ್ಶಿ ಜಗಳಕ್ಕೆ ಹೆದರುವ ಮನುಷ್ಯ. "ಹೆಂಗೂ ನಿಮ್ಮ ಮಗಳೇ ಸಂಶೋಧನೆ ಮಾಡ್ತಾ ಐತಲ್ರಿ. ಅದರಲ್ಲಿ ಏನು ಬರುತ್ತೋ ಹಂಗೆ ಮಾಡಾಣ" ಎಂದು ಎಲ್ಲರ ಮುಂದೆ ಹೇಳಿ ನಿರಾಳವಾದ. ಅಪ್ಪ ಅವತ್ತು ಎದೆ ಉಬ್ಬಿಸಿಕೊಂಡು ಮನೆಗೆ ಬಂದ. ಅನುಭವ ಇದ್ದವರ ಸೀರೆಯೇ ಚೆಂದ ಎಂದು ಬರದೇ ಇನ್ನೇನು ಬಂದೀತು ಎಂಬುದು ಅವನ ಲೆಕ್ಕ. ನನ್ನ ಲೆಕ್ಕವೂ ಅದೇ.

ಸಂಘದ ಗೋದಾಮಿನಿಂದ ಒಂದೇ ತೂಕದ ರೇಷ್ಮೆಯ, ಒಂದೇ ಅಂಚಿನ, ಒಂದೇ ಬುಟ್ಟಾದ ಸೀರೆಗಳನ್ನು ಆರಿಸಿಕೊಂಡೆ. ನೇಯ್ದವರು ಮಾತ್ರ ಬೇರೆ ಬೇರೆ. ಮೂರು ವರ್ಷದ ಅನುಭವದವರಿಂದ ಹಿಡಿದು ಅಪ್ಪನಂಥವರವರೆಗೆ ಎಲ್ಲರೂ ಇದ್ದರು. ಸೀರೆಗಳಿಗೆ ಹಚ್ಚಿದ್ದ ನೇಕಾರರ ಹೆಸರಿನ ಚೀಟಿಗಳನ್ನು ಬಟ್ಟೆ ಹೊಲಿದು ಮರೆಮಾಡಿದೆ. ಸೀರೆಗಳನ್ನು ಟ್ರಂಕಿನಲ್ಲಿ ಹೊತ್ತು ಮನೆಮನೆಗೆ ಹೋಗಿ ಹಿರಿಯ ನೇಕಾರರ ಮುಂದೆ ಹಾಸಿದೆ.

"ಇದಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

"ಹತ್ತು ಕೊಡವ್ವ."

"ಇದಕ್ಕೆ?"

"ಅದಕ್ಕೂ ಹತ್ತು ಕೊಡು."

"ಹಂಗಾದ್ರೆ ಎರಡೂ ಒಂದೇನಾ?"

"ಒಂದೇ ಹೆಂಗಾಗ್ತವೆ? ಅದರ ಕೈಯೇ ಬೇರೆ, ಇದರ ಕೈಯೇ ಬೇರೆ."

"ಮತ್ತೆ ಅಂಕ?"

"ಹತ್ತು."

ನಮ್ಮ ಬೀದಿಯ ಮರ್ಯಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಮಗ್ಗದಿಂದ ಇಳಿದ ಸೀರೆಗೆ ಇನ್ನೊಬ್ಬ ನೇಕಾರ ಕೊಂಕು ಹೇಳುವಂತಿಲ್ಲ. ಅದು ಯಾರದೋ ಮನೆಯ ಹೆಣ್ಣುಮಗಳ ಮದುವೆಗೆ ಹೋಗುವ ಬಟ್ಟೆ, ಅದಕ್ಕೆ ತಗುಲಿದ ಮಾತು ಆ ಮದುವೆಗೇ ತಗುಲುತ್ತದೆ ಎಂದು ನಂಬಿಕೆ. ತನ್ನ ಸೀರೆಯನ್ನು ಬೇಕಾದರೆ ಎಷ್ಟಾದರೂ ಹಳಿದುಕೊಳ್ಳಬಹುದು, ಪಕ್ಕದವನದ್ದಕ್ಕೆ ಬಾಯಿ ಬಿಡಬಾರದು. ಇಷ್ಟು ಗೊತ್ತಿದ್ದೂ, ಹತ್ತಕ್ಕೆ ಇಷ್ಟು ಎಂದು ಕೇಳಿದರೆ ಹೇಳಿಯಾರು ಎಂದುಕೊಂಡಿದ್ದೆ. ಕಡಿಮೆ ಅಂದರೆ ಒಂಬತ್ತು ಬಿತ್ತು, ಅದೂ ಒಂದೆರಡು ಕಡೆ, ಕೊಟ್ಟವರು ನಾನು ಹೊರಡುವಾಗ ಕರೆದು ಅದನ್ನೂ ಹತ್ತು ಮಾಡಿಸಿದರು. ಒಬ್ಬ ಹಿರಿಯರಂತೂ ಒಂದು ಸೀರೆಯ ಸೆರಗು ಸವರಿ ನೋಡಿ, ಕೈಯ ಗುರುತು ಹಿಡಿದು, ಹನ್ನೊಂದು ಕೊಟ್ಟರು. ಹತ್ತಕ್ಕೆ ಹನ್ನೊಂದು ಹೆಂಗೆ ಕೊಡಕ್ಕಾಗುತ್ತೆ ಎಂದರೆ, "ಬೀಗರಲ್ವೇನವ್ವ" ಎಂದರು.

ಆ ಅಂಕಗಳನ್ನೇ ಮೊದಲನೇ ದೊರೆಯ ಸೂತ್ರಕ್ಕೆ ಹಾಕಿ ಕ್ಯಾಲ್ಕುಲೇಟರ್ ಒತ್ತಿದೆ. ಉತ್ತರ ಸೊನ್ನೆಗೆ ಅಂಟಿಕೊಂಡಂತೆ ಬಂತು. ಮಾರ್ಗದರ್ಶಕರು, "ಬಂದದ್ದು ಬಂತು, ಬರೆದುಬಿಡಮ್ಮ" ಎಂದರು.

ಆ ಭಾನುವಾರ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಅಪ್ಪ ಕೇಳಿದ, "ಏನ್ ಬಂತು ನಿನ್ನ ಲೆಕ್ಕ?"

"ಸಂಬಂಧ ಇಲ್ಲ ಅಂತ ಬಂದೈತಪ್ಪ."

"ಯಾರಿಗೂ ಯಾರಿಗೂ?"

"ಅನುಭವಕ್ಕೂ ಸೀರೆಗೂ."

ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. "ಅಲ್ಲಮ್ಮಾಯಿ, ಇಷ್ಟು ವರ್ಷ ಗುಂಡೀಲಿ ಕಾಲು ಇಳಿಬಿಟ್ಕಂಡು ಕೂತಿದ್ದು ಸುಮ್ನೇನಾ?" ಎಂದ. ನಮ್ಮ ಕಡೆಯವರಿಗೆ ಪ್ರೀತಿ ಉಕ್ಕಿದರೂ ನೋವಾದರೂ ಮಾತಿಗೆ ತೆಲುಗು ನುಸುಳುತ್ತದೆ. ಅಮ್ಮಾಯಿ ಎಂದನೆಂದರೆ ನೋವಾಗಿದೆ ಎಂದೇ ಅರ್ಥ. ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಮುದ್ದೆಯೂ ಇಳಿಯಲಿಲ್ಲ.

ಗಾಯದ ಮೇಲೆ ಬರೆ ಎಂಬಂತೆ ಮರುವಾರವೇ ಕಾರ್ಯದರ್ಶಿ ಮನೆಗೆ ಬಂದ. ಬೀದಿಯಲ್ಲಿ ಸುದ್ದಿಗೆ ಕಾಲಿಲ್ಲದಿದ್ದರೂ ಓಡುತ್ತದೆ.

"ಕಂಪ್ಯೂಟರಿನಲ್ಲಿ ಬಂದಿದ್ದಾ ಮೇಡಂ ಇದು?"

"ಕ್ಯಾಲ್ಕುಲೇಟರ್."

"ಎರಡೂ ಒಂದೇ ಬಿಡ್ರಿ. ಸಂಬಂಧ ಇಲ್ಲ ಅಂದ್ಮೇಲೆ ಹಿರಿಯರಿಗೇ ಧಾರೆ ಹಾಸು ಕೊಡಬೇಕು ಅಂತೇನಿಲ್ಲ. ಚೀಟಿ ಎತ್ತಿಬಿಡಾಣ. ಯಾರ ಹೆಸರು ಬರುತ್ತೋ ಅವರಿಗೆ." ಮುಂದಿನ ಸಭೆಯಲ್ಲಿ ನಾನೇ ಬಂದು ನಾಲ್ಕು ಮಾತಲ್ಲಿ ವಿವರಿಸಬೇಕು ಎಂದೂ ಹೇಳಿ ಹೋದ. ಅಪ್ಪ ಅಷ್ಟು ಹೊತ್ತೂ ಲಾಳಿ ಆಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಸೋಮವಾರ ಚಳ್ಳಕೆರೆಯ ಕಾಲೇಜಿಗೆ ಹೋದವಳೇ ಲೆಕ್ಕದ ಹಾಳೆಗಳನ್ನು ಉಪನ್ಯಾಸಕರ ಕೋಣೆಯ ಮೇಜಿನ ಮೇಲೆ ಬಡಿದೆ. ಎದುರಿಗೆ ಕೂತಿದ್ದವಳು ನಮ್ಮ ಗಣಿತದ ಉಪನ್ಯಾಸಕಿ, ನನ್ನ ಗೆಳತಿ. ಶೇಂಗಾ ವ್ಯಾಪಾರದ ಮನೆಯವಳು. ಅವಳ ಮುಂದೆ ಸದಾ ಒಂದು ಪೊಟ್ಟಣ ಹುರಿದ ಶೇಂಗಾಕಾಯಿ ಇರುತ್ತಿತ್ತು. ಹಾಳೆ ಎಳೆದುಕೊಂಡು ಓದಿದಳು. ಹನ್ನೊಂದು ಅಂಕದ ಹತ್ತಿರ ಬಂದಾಗ ನಕ್ಕು ನಕ್ಕು ಕೆಮ್ಮು ಬಂತು.

"ಎಲ್ಲರಿಗೂ ಹತ್ತೇ ಬಿದ್ರೆ ಯಾವ ಸೂತ್ರ ಏನ್ ಮಾಡುತ್ತೆ ಕಣೆ? ಸೀರೆ ಏರ್ತೈತೋ ಇಳೀತೈತೋ ಅನ್ನೋದು ಈ ಅಂಕದಾಗೆ ಎಲ್ಲೈತೆ? ಇದು ಅಳತೆ ಅಲ್ಲ, ಮರ್ಯಾದೆ."

ಹಾಗಂದು ಹಾಳೆಯ ಮೇಲೆ ಶೇಂಗಾಕಾಯಿಗಳನ್ನು ಸುರಿದು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದಳು. "ಮೊದಲನೇ ದೊರೆಗೆ ನಿಜವಾದ ಅಳತೆ ಬೇಕು. ತೂಕ, ಉದ್ದ, ಅಂಥದ್ದು. ಅದೂ ನೆಟ್ಟಗೆ ಗೆರೆ ಎಳೆದಂಗೆ ಏರಬೇಕು. ಇಲ್ಲಿ ನೋಡು. ಇದು ದೊಡ್ಡದು, ಅದಕ್ಕಿಂತ ಇದು ಚಿಕ್ಕದು, ಅದಕ್ಕಿಂತ ಇದು. ಎಷ್ಟು ಚಿಕ್ಕದು ಅಂತ ಗೊತ್ತಾ ನಿಂಗೆ? ಗೊತ್ತಿಲ್ಲ. ಎರಡನೇ ದೊರೆಗೆ ಅದು ಬೇಕಾಗೂ ಇಲ್ಲ. ಯಾವುದರ ಹಿಂದೆ ಯಾವುದು ಅನ್ನೋ ಸಾಲು ಗೊತ್ತಾದ್ರೆ ಸಾಕು. ಸೀರೆ ಚೆಂದ ಅನ್ನೋದನ್ನ ತೂಗಕ್ಕಾಗಲ್ಲ, ಸಾಲು ಹಚ್ಚಬಹುದು. ನೀನು ಅಂಕ ಕೇಳಬ್ಯಾಡ, ಸಾಲು ಕೇಳು." ಪಾಠ ಮುಗಿಸಿ ಸಾಲನ್ನು ಮೊದಲನೆಯದರಿಂದ ತಿನ್ನುತ್ತಾ ಬಂದಳು.

ಹೇಳುವುದೇನೋ ಸುಲಭ. ಸಾಲು ಹಚ್ಚಿದರೆ ಒಂದು ಸೀರೆ ಕೊನೆಗೆ ಬರಲೇಬೇಕಲ್ಲ. ಹತ್ತು ಅಂಕ ಕೊಟ್ಟ ಹಿರಿಯರು ಯಾರದೋ ಸೀರೆಯನ್ನು ಎಲ್ಲಕ್ಕಿಂತ ಹಿಂದೆ ಇಡುತ್ತಾರೆಯೇ? ನಮ್ಮ ಬೀದಿಯಲ್ಲಿ ಅದು ಆಗುವ ಮಾತಲ್ಲ. ಎರಡು ದಿನ ನನ್ನ ತಲೆ ಚಿಟ್ಟು ಹಿಡಿದಿತ್ತು. ಮೂರನೇ ದಿನ ಚಳ್ಳಕೆರೆಯ ಬಟ್ಟೆ ಅಂಗಡಿಯೊಂದರ ಮುಂದೆ ಮದುವೆಯ ಜವಳಿ ತೆಗೆಯಲು ಬಂದ ದೊಡ್ಡ ಕುಟುಂಬವೊಂದು ಟೆಂಪೊದಿಂದ ಇಳಿಯುವುದನ್ನು ನೋಡಿದೆ. ನೋಡುತ್ತಾ ನಿಂತಲ್ಲೇ ಉಪಾಯ ಹೊಳೆಯಿತು.

ಜವಳಿಯಲ್ಲಿ ಸೀರೆಗಳಿಗೆ ತಾನಾಗಿಯೇ ಒಂದು ಸಾಲಿದೆ. ಎಲ್ಲಕ್ಕಿಂತ ಚೆಂದದ್ದು ಮದುಮಗಳಿಗೆ, ಧಾರೆಗೆ. ಆಮೇಲಿನದು ಬೀಗತಿಗೆ. ಆಮೇಲೆ ನಾದಿನಿಯರು, ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಹೀಗೆ ಇಳಿಯುತ್ತಾ ದೂರದ ನೆಂಟರವರೆಗೆ. ಅಲ್ಲಿ ಯಾರೂ ಈ ಸೀರೆ ಕೆಟ್ಟದ್ದು ಅನ್ನುವುದಿಲ್ಲ, ಇದು ಚಿಕ್ಕಮ್ಮನಿಗೆ ಇರಲಿ ಅನ್ನುತ್ತಾರೆ, ಅಷ್ಟೇ. ಇದನ್ನು ನೇಕಾರರ ಬೀದಿಯಲ್ಲಿ ಕೇಳಬಾರದು, ಅಲ್ಲಿ ಎಲ್ಲರಿಗೂ ಎಲ್ಲರ ಕೈ ಗೊತ್ತು. ಸೀರೆ ಕೊಳ್ಳುವ ಊರಲ್ಲಿ ಕೇಳಬೇಕು.

ಟ್ರಂಕು ಮತ್ತೆ ಬಸ್ಸು ಹತ್ತಿ ಚಳ್ಳಕೆರೆಗೆ, ಗೆಳತಿಯ ಮನೆಗೆ ಬಂತು. ಅವಳ ಅವ್ವ ಇಡೀ ಬಳಗಕ್ಕೆ ಜವಳಿಯ ಯಜಮಾನಿ. ಅವರಿಲ್ಲದೆ ಆ ಮನೆತನದಲ್ಲಿ ಒಂದು ರವಿಕೆ ಖಣವೂ ಅಂಗಡಿಯಿಂದ ಈಚೆ ಬರುತ್ತಿರಲಿಲ್ಲ. ಓರಗಿತ್ತಿಯರನ್ನೂ ಪಕ್ಕದ ಮನೆಯವರನ್ನೂ ಕೂಡಿಸಿದರು. ಪಡಸಾಲೆಯಲ್ಲಿ ಜಮಖಾನ ಹಾಸಿ ಸೀರೆಗಳನ್ನು ಹರಡಿದೆ. "ಅಮ್ಮ, ನಿಮ್ಮ ಮಗಳ ಮದುವೆ ಅಂತ ತಿಳ್ಕಳಿ. ಯಾರ ಮಡಿಲಿಗೆ ಯಾವ ಸೀರೆ ಹಾಕ್ತೀರಿ?" ಎಂದೆ.

"ಇವಳು ಒಪ್ಪಿದ್ರೆ ತಾನೇ ಮದುವೆ" ಎಂದು ಅವರು ಮಗಳಿಗೆ ಒಂದು ಚುಚ್ಚಿ, ಸೆರಗು ಸಿಕ್ಕಿಸಿಕೊಂಡು ಕೂತರು. ಅಬ್ಬ, ಆ ಕೈಗಳು ಓಡಿದ ಬಗೆ. ಸೀರೆಯ ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಅಂಚು ಒಡಲಿಗೆ ಸೇರುವ ಜಾಗವನ್ನು ಬೆರಳ ನಡುವೆ ಉಜ್ಜಿ, ಇದು ಧಾರೆಗೆ, ಇದು ಬೀಗತಿಗೆ ಎಂದು ಎಳೆದೆಳೆದು ಹಾಕಿದರು. ಓರಗಿತ್ತಿಯರು ಜಗಳ ತೆಗೆದರು. ಬೀಗತಿಯ ಸೀರೆ ಎರಡು ಸಲ ಬದಲಾಯಿತು. ನಾದಿನಿಯರ ಸರದಿ ಬಂದಾಗ ಎರಡು ಸೀರೆಗಳನ್ನು ಜೋಡಿಯಾಗಿ ಇಟ್ಟರು.

"ಇದರಲ್ಲಿ ಮುಂದಿಂದು ಯಾವುದು, ಹಿಂದಿಂದು ಯಾವುದು?" ಎಂದೆ.

"ಇಬ್ಬರು ನಾದಿನೀರಿಗೆ ಹೆಚ್ಚುಕಮ್ಮಿ ಮಾಡಿದ್ರೆ ನಮ್ಮ ಹುಡುಗಿ ಆ ಮನೇಲಿ ಬಾಳೋದೆಂಗೆ? ಎರಡೂ ಒಂದೇ ಅಂತ ಬರ್ಕ."

ನಾನು ಗೆಳತಿಯ ಮುಖ ನೋಡಿದೆ. ಅವಳು ಮೂರು, ನಾಲ್ಕನೇ ಜಾಗವನ್ನು ಕೂಡಿಸಿ ಅರ್ಧ ಮಾಡಿ ಇಬ್ಬರಿಗೂ ಮೂರೂವರೆ ಎಂದು ಬರೆದುಕೋ, ಎರಡನೇ ದೊರೆ ಒಪ್ಪುತ್ತಾನೆ ಎಂದಳು.

ಅಪ್ಪನ ಸೀರೆ ಯಾವುದೆಂದು ನನಗೆ ಗೊತ್ತಿತ್ತು. ಅದು ಕೈಯಿಂದ ಕೈಗೆ ಹೋಗುವುದನ್ನೇ ನೋಡುತ್ತಿದ್ದೆ. ಧಾರೆಗೆ ಎಂದು ಯಾರೋ ಎತ್ತಿದರು, ನಾನು ಒಂದನೇ ಸ್ಥಾನ ಬರೆದುಕೊಳ್ಳಲು ಪೆನ್ನು ಎತ್ತಿದೆ. ಯಜಮಾನಿ ಅದನ್ನು ಇಸಿದುಕೊಂಡು, ಅಂಚಿನ ಮೇಲೆ ಬೆರಳಾಡಿಸಿ, ಸೋದರತ್ತೆಯ ಜಾಗದಲ್ಲಿ ಇಟ್ಟರು. ಸಾಲಿನ ಹಿಂಭಾಗ ಅದು.

"ಯಾಕಮ್ಮ, ಚೆನ್ನಾಗಿಲ್ವ ಅದು?" ಎಂದು ಕೇಳಿಯೇಬಿಟ್ಟೆ. ದನಿ ಗಡುಸಾಗಿತ್ತು.

"ಚೆನ್ನಾಗೈತೆ. ಅಂಚು ಸೇರೋ ಹತ್ರ ಅಲ್ಲಲ್ಲಿ ಒಂಚೂರು ಸಡ್ಲ. ಎಲ್ಲರ ಕಣ್ಣಿಗೂ ಬೀಳಲ್ಲ. ಆದ್ರೆ ಧಾರೆಗೆ ಕೂರೋಳಿಗೆ ಬ್ಯಾಡ." ನನಗೆ ಜಗಳವಾಡಬೇಕೆನಿಸಿತು. ಗೆಳತಿ ಮೇಜಿನಡಿಯಿಂದ ಕಾಲು ತುಳಿಯುವವಳು, ಮೇಜಿಲ್ಲದ್ದರಿಂದ ನೇರ ತೊಡೆ ಚಿವುಟಿದಳು.

ಚಳ್ಳಕೆರೆಯ ಇನ್ನೂ ಕೆಲವು ಮನೆಗಳಲ್ಲಿ ಹೀಗೆ ಸುಳ್ಳು ಜವಳಿ ತೆಗೆಸಿದೆ. ಎಲ್ಲ ಕಡೆ ಚಹಾ, ಎಲ್ಲ ಕಡೆ ಜಗಳ, ಎಲ್ಲ ಕಡೆ ನನ್ನ ಮದುವೆ ಯಾವಾಗ ಎಂಬ ಪ್ರಶ್ನೆ. ಆಶ್ಚರ್ಯವೆಂದರೆ ಸಾಲು ಮಾತ್ರ ಹೆಚ್ಚು ಕದಲಲಿಲ್ಲ. ಎಲ್ಲವನ್ನೂ ಸರಾಸರಿ ಮಾಡಿ ಎರಡನೇ ದೊರೆಯ ಸೂತ್ರಕ್ಕೆ ಹಾಕಿದರೆ ಉತ್ತರ ಋಣ ಚಿಹ್ನೆಯೊಂದಿಗೆ ಬಂತು. ಅಂದರೆ ಅನುಭವ ಏರಿದಂತೆ ಸೀರೆ ಕೆಡುತ್ತದೆ! ನಾನು ಬಿಳಿಚಿಕೊಂಡು ಗೆಳತಿಯ ಬಳಿ ಓಡಿದೆ. ಅವಳು ಹಾಳೆ ನೋಡಿ ಹಣೆ ಚಚ್ಚಿಕೊಂಡಳು.

"ಧಾರೆ ಸೀರೆಗೆ ಎಷ್ಟು ಹಾಕಿದೀಯ? ಒಂದು. ಹೆಚ್ಚು ಅನುಭವ ಇರೋರಿಗೆ? ದೊಡ್ಡ ಸಂಖ್ಯೆ. ಒಂದು ಕಡೆ ಚೆಂದ ಅಂದ್ರೆ ಚಿಕ್ಕದು, ಇನ್ನೊಂದು ಕಡೆ ಹಿರಿಯರು ಅಂದ್ರೆ ದೊಡ್ಡದು. ಒಂದನ್ನ ತಲೆಕೆಳಗು ಮಾಡ್ಕ, ಸರಿಹೋಗುತ್ತೆ."

ತಲೆಕೆಳಗು ಮಾಡಿಕೊಂಡೆ. ಸರಿಹೋಯಿತು. ಉತ್ತರ ಧನ ಚಿಹ್ನೆಗೆ ಬಂತು, ಪರವಾಗಿಲ್ಲ ಅನ್ನುವಷ್ಟು ದೊಡ್ಡದೂ ಆಗಿತ್ತು. ಅನುಭವಕ್ಕೂ ಸೀರೆಗೂ ಸಂಬಂಧ ಇದೆ. ನನಗೆ ಕುಣಿಯುವಷ್ಟು ಖುಷಿ. ಕಾರ್ಯದರ್ಶಿಯ ಮುಖದ ಮೇಲೆ ಈ ಸಂಖ್ಯೆಯನ್ನು ಎಸೆದರೆ ಧಾರೆ ಹಾಸು ಅಪ್ಪನ ಮಗ್ಗಕ್ಕೆ ಬಂದ ಹಾಗೇ.

"ಚಿತ್ರ ಬರೆದಿದೀಯಾ?" ಎಂದಳು ಗೆಳತಿ.

"ಯಾವ ಚಿತ್ರ? ಸಂಖ್ಯೆ ಬಂತಲ್ಲ."

"ಮೊದಲು ಚಿತ್ರ ಬರೀಬೇಕಿತ್ತು. ಈಗಾದ್ರೂ ಬರಿ."

ಗೊಣಗುತ್ತಾ ಗ್ರಾಫ್ ಹಾಳೆ ತೆಗೆದೆ. ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಸೀರೆಯ ಸ್ಥಾನ, ಒಬ್ಬೊಬ್ಬ ನೇಕಾರರಿಗೆ ಒಂದೊಂದು ಚುಕ್ಕೆ. ಚುಕ್ಕೆಗಳು ಎಡಗಡೆಯಿಂದ ಏರುತ್ತಾ ಹೋದವು. ನಡುವಯಸ್ಸಿನ ನೇಕಾರರ ಹತ್ತಿರ ತುದಿ ಮುಟ್ಟಿದವು. ಅಲ್ಲಿಂದ ಬಲಗಡೆಗೆ ಮೆಲ್ಲಗೆ ಇಳಿದವು. ಇಳಿದ ಚುಕ್ಕೆಗಳು ನಾಲ್ಕೈದೇ, ಆದರೆ ಇಳಿದಿದ್ದಂತೂ ಹೌದು. ಅದರಲ್ಲೊಂದು ಅಪ್ಪನದು.

"ಇದು ಗುಡ್ಡ ಕಣೆ" ಎಂದಳು. "ಇಬ್ಬರೂ ದೊರೆಗಳು ಒಂದೇ ದಿಕ್ಕಿಗೆ ಹೋಗೋ ದಾರಿಗೆ ಸರಿ. ಏರಿ ಇಳಿಯೋ ಗುಡ್ಡಕ್ಕೆ ಇಬ್ಬರಲ್ಲಿ ಯಾರ ಒಂದು ಸಂಖ್ಯೆನೂ ಸಾಲಲ್ಲ."

"ಹಂಗಾದ್ರೆ ನನ್ನ ಸಂಖ್ಯೆ ಸುಳ್ಳಾ?"

"ಸುಳ್ಳಲ್ಲ. ಹತ್ತೋರು ಜಾಸ್ತಿ ಇದಾರೆ, ಅದಕ್ಕೆ ಹತ್ತೋ ಕಡೆಗೆ ಬಂದೈತೆ. ಇಳಿಯೋರ ವಿಷಯ ಅದು ಹೇಳಲ್ಲ ಅಷ್ಟೇ. ಎರಡು ಭಾಗ ಮಾಡಿ ಬೇರೆ ಬೇರೆ ಲೆಕ್ಕ ಹಾಕು, ಚಿತ್ರಾನೂ ಜೊತೆಗಿಡು."

ನಾನು ಅವಳ ಜೊತೆ ಅರ್ಧ ದಿನ ಮಾತು ಬಿಟ್ಟೆ. ಆದರೆ ಕೋಪ ಅವಳ ಮೇಲಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸಂಜೆ ಬಸ್ ನಿಲ್ದಾಣದವರೆಗೆ ಬಂದು ಶೇಂಗಾ ಪೊಟ್ಟಣವನ್ನು ಕಿಟಕಿಯಿಂದ ನನ್ನ ಮಡಿಲಿಗೆ ಎಸೆದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಅಪ್ಪನಿಗೆ ಸಂಖ್ಯೆ ಮಾತ್ರ ಹೇಳುವುದು, ಚಿತ್ರ ಪ್ರಬಂಧದಲ್ಲಿ ಇರಲಿ, ಪ್ರಬಂಧವನ್ನು ನಮ್ಮ ಬೀದಿಯಲ್ಲಿ ಯಾರು ಓದುತ್ತಾರೆ ಎಂದುಕೊಂಡು ಮನೆ ಮುಟ್ಟಿದೆ. ಅಪ್ಪ ಮಗ್ಗದಿಂದ ಏಳದೆ ಕೇಳಿದ, "ಏನಂತೆ?"

"ಸಂಬಂಧ ಐತಂತಪ್ಪ."

"ನಂಗೊತ್ತಿಲ್ವಾ" ಎಂದು ನಕ್ಕ. ಎಷ್ಟೋ ವಾರಗಳ ಮೇಲೆ ನಕ್ಕಿದ್ದ. ಅವ್ವ ಒಳಗಿನಿಂದ ಬೆಲ್ಲ ತರಲು ಹೊರಟಳು. ಅಷ್ಟರಲ್ಲಿ ಅಪ್ಪನ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಹಾಳೆಯ ಮೇಲೆ ಬಿತ್ತು.

"ಅದೇನು ನಕ್ಷೆ?"

ಗ್ರಾಫ್ ಹಾಳೆಯನ್ನು ನೇಕಾರನಿಂದ ಬಚ್ಚಿಡಲು ಹೋಗಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ನಮ್ಮ ಮನೆಗಳಲ್ಲಿ ಅಂಚಿನ ಹೂವು, ಬುಟ್ಟಾ ಎಲ್ಲ ಮೊದಲು ಹುಟ್ಟುವುದೇ ಚೌಕುಳಿ ಹಾಳೆಯ ಮೇಲೆ. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಅಪ್ಪ ಅಕ್ಷರಕ್ಕಿಂತ ಮೊದಲು ಕಲಿತದ್ದು ಅದನ್ನು ಓದುವುದನ್ನೇ. ಹಾಳೆ ಎಳೆದುಕೊಂಡು ದೂರ ಹಿಡಿದು ನೋಡಿದ.

"ಅಡ್ಡಕ್ಕೆ ಏನು?"

"ನೇಯ್ಗೆಗೆ ಕೂತು ಎಷ್ಟು ವರ್ಷ ಆತು ಅಂತ."

"ಮೇಲಕ್ಕೆ?"

"ಸೀರೆ ಎಷ್ಟು ಚೆಂದ ಅಂತ."

ಬೆರಳು ಚುಕ್ಕೆಗಳ ಮೇಲೆ ಏರಿತು, ತುದಿಯಲ್ಲಿ ನಿಂತಿತು, ಇಳಿಯಿತು. "ಇದು ಇಳಿದೈತಲ್ಲ."

ನಾನು ಚೀಲದ ಬಾಯಿ ಕಟ್ಟತೊಡಗಿದೆ.

"ನಾನೆಲ್ಲಿದೀನಿ?"

ತೋರಿಸಿದೆ. ತೋರಿಸದೆ ಇರಲು ಆಗಲಿಲ್ಲ.

"ತುದೀಲಿರೋದು ಯಾರು?"

"ಹೇಳಂಗಿಲ್ಲಪ್ಪ. ಹೆಸರು ಹೇಳಬಾರದು."

"ನಂದು ಹೇಳಿದ್ಯಲ್ಲ?"

"ನೀನು ನಮ್ಮಪ್ಪ."

ಅಪ್ಪ ಆ ಚುಕ್ಕೆಯ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಬೇಜಾರಾಯ್ತಾ ಎಂದು ಕೇಳಿದೆ. "ಆಗ್ದೆ ಏನು? ಆಯ್ತು" ಎಂದ. ಅವ್ವ ಬೆಲ್ಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ಅಪ್ಪ ಹಾಳೆ ಮಡಿಸಿ ಅಂಗಿ ಜೇಬಿಗಿಟ್ಟುಕೊಂಡು, "ನನ್ನ ಸೀರೆ ಯಾರ ಮಡಿಲಿಗೆ ಹಾಕಿದ್ರು ಆಯಮ್ಮ?" ಎಂದ. ಸೋದರತ್ತೆಗೆ ಎಂದೆ. "ಸರ್ಲೇ, ಆಗ್ಲಿ" ಎಂದು ಮತ್ತೆ ತೆಲುಗು ಬೆರೆಸಿ ಹೇಳಿ ಲಾಳಿ ಎತ್ತಿಕೊಂಡ.

ಸಂಘದ ಸಭೆ ಮರುದಿನ ಬೆಳಿಗ್ಗೆ. ಕಾರ್ಯದರ್ಶಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, "ಮೇಡಂ ಈಗ ಸೂತ್ರ ಹೇಳ್ತಾರೆ" ಎಂದು ಘೋಷಿಸಿದ. ನಾನು ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪ ಜೇಬಿನಿಂದ ಹಾಳೆ ತೆಗೆದು ಚಾಪೆಯ ಮೇಲೆ ಹರಡಿ, ಅಡ್ಡಕ್ಕೆ ಏನು, ಉದ್ದಕ್ಕೆ ಏನು ಎಂದು ಎರಡೇ ಮಾತಿನಲ್ಲಿ ಹೇಳಿ, ಒಂದು ಚುಕ್ಕೆಯ ಮೇಲೆ ಬೆರಳಿಟ್ಟ. "ಇದು ನಾನು. ನನ್ನ ಕೈ ಇಳಿದೈತೆ."

ಎಲ್ಲರೂ ಹಾಳೆಯ ಸುತ್ತ ಸರಿದು ಕೂತರು. ಆಮೇಲೆ ಹನ್ನೊಂದು ಅಂಕ ಕೊಟ್ಟ ಹಿರಿಯರು ಮುಂದೆ ಬಗ್ಗಿದರು. "ನಿಂದು ಪರವಾಗಿಲ್ಲ ಬಿಡ್ರಿ. ಈ ಕೆಳಗಿಂದು ನಂದಿರಬೇಕು." ಇನ್ನೊಬ್ಬರು, "ಏ, ಅದು ನಂದು. ನಂಗೆ ಕಣ್ಣಲ್ಲಿ ಪೊರೆ ಬಂದು ಎರಡು ವರ್ಷ ಆತು" ಎಂದರು. ನೋಡುತ್ತಿದ್ದಂತೆ ಹಿರಿಯರೆಲ್ಲ ಇಳಿದವುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಚುಕ್ಕೆಗೆ ಹಕ್ಕು ಹೂಡಿ ಕಿತ್ತಾಡತೊಡಗಿದರು. ಅವರಲ್ಲಿ ಒಬ್ಬರದಂತೂ ಆ ಚಿತ್ರದಲ್ಲಿ ಇರಲೇ ಇಲ್ಲ. ಹೆಸರು ಹೇಳಬಾರದೆಂದು ನಾನು ತುಟಿ ಕಚ್ಚಿಕೊಂಡು ನಗು ತಡೆದೆ. ಎಳೆಯ ನೇಕಾರರೂ ನಡುವಯಸ್ಸಿನವರೂ ತುದಿಯ ಚುಕ್ಕೆಗಳ ಕಡೆ ಕೈ ಕೂಡ ಚಾಚದೆ ತಲೆ ತಗ್ಗಿಸಿ ಕೂತಿದ್ದರು.

"ಹಂಗಾದ್ರೆ ಚೀಟಿ ಎತ್ತೋದಾ?" ಎಂದ ಕಾರ್ಯದರ್ಶಿ.

"ಚೀಟಿ ಯಾಕೆ, ನಕ್ಷೆ ಐತಲ್ಲ" ಎಂದ ಅಪ್ಪ. "ತುದೀಲಿರೋರು ಯಾರು ಅಂತ ಇವಳು ನಿಮ್ಮ ಕಿವೀಲಿ ಹೇಳ್ತಾಳೆ. ಧಾರೆ ಹಾಸು ಅವರಿಗೆ ಹೋಗ್ಲಿ. ನಂಗೆ ಸೋದರತ್ತೆ ಹಾಸು ಕೊಡ್ರಿ. ಧಾರೆ ಸೀರೆ ಒಂದು ದಿನ ಉಟ್ಟು ಪೆಟ್ಟಿಗೇಲಿ ಇಡ್ತಾರೆ. ಸೋದರತ್ತೆ ಸೀರೆ ಹರಿಯೋ ತನಕ ಉಡ್ತಾಳೆ."

ಎಲ್ಲರೂ ನಕ್ಕರು. ನಾನು ತುದಿಯವರ ಒಪ್ಪಿಗೆ ಕೇಳಿಕೊಂಡ ಮೇಲೆಯೇ ಹೆಸರು ಹೇಳುತ್ತೇನೆಂದು ಕಾರ್ಯದರ್ಶಿಗೆ ತಿಳಿಸಿದೆ. ತುದಿಯವರು ಒಪ್ಪಿದರು, ಸಂಘದ ಹಂಚಿಕೆ ಹಾಗೆಯೇ ಆಯಿತು. ನನ್ನ ಪ್ರಬಂಧವೂ ಚಿತ್ರದ ಸಮೇತ, ಎರಡು ಭಾಗದ ಲೆಕ್ಕದೊಂದಿಗೆ ಒಪ್ಪಿತವಾಯಿತು. ಮಾರ್ಗದರ್ಶಕರು ಚಿತ್ರ ನೋಡಿ, "ನಾನು ಹೇಳಿರಲಿಲ್ವೇನಮ್ಮ, ಚೆನ್ನಾಗಿರುತ್ತೆ ಅಂತ" ಎಂದರು.

ಅಪ್ಪ ಆ ಹೊಸ ಹಾಸನ್ನು ಮಗ್ಗಕ್ಕೆ ಏರಿಸಿದ ವಾರ ನಾನು ಊರಿಗೆ ಹೋದಾಗ ಮೊಳದುದ್ದ ನೇಯ್ಗೆ ಆಗಿತ್ತು. ಚಪ್ಪಲಿ ಬಿಡುತ್ತಿದ್ದವಳನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮಗ್ಗದ ಬಳಿ ನನ್ನನ್ನು ಹಾಗೆ ಕೂರಿಸಿಕೊಂಡದ್ದು ನನ್ನ ಬಾಲ್ಯದ ನಂತರ ಅದೇ ಮೊದಲು. ನೇಯ್ದಷ್ಟು ಬಟ್ಟೆಯನ್ನು ನನ್ನ ಕಡೆಗೆ ಬೆಳಕಿಗೆ ತಿರುಗಿಸಿ ಹೇಳಿದ, "ಅಂಚು ಸೇರೋ ಹತ್ರ ನಂಗೀಗ ಸರಿಯಾಗಿ ಕಾಣಲ್ಲ. ನೀನು ನೋಡು. ಸಡ್ಲ ಇದ್ರೆ ಹೇಳು. ಅಪ್ಪ ಅಂತ ಹತ್ತು ಕೊಡಬ್ಯಾಡ."

ನಾನು ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದೆ. ಕಣ್ಣು ತುಂಬಿ ಬಂದು ಎಳೆಗಳು ಕಲಸಿಹೋದವು. ಒರೆಸಿಕೊಂಡು ಮತ್ತೆ ನೋಡಿದೆ.

"ಇಲ್ಲೊಂದು ಕಡೆ ಐತಪ್ಪ" ಎಂದೆ.

ಅಪ್ಪ ಲಾಳಿ ಪಕ್ಕಕ್ಕಿಟ್ಟು, ಅಲ್ಲಿಯವರೆಗಿನ ಎಳೆ ಬಿಚ್ಚತೊಡಗಿದ.